ಗಂಡುಬೆಕ್ಕಿನ ಮೂತ್ರದಲ್ಲಿ ಸ್ಟ್ರುವೈಟ್ ಹರಳು: ಬೂತಾಯಿ ಮೀನು ನಿಲ್ಲಿಸಲೇಬೇಕೇ?

ಕೆಂಚನ ಮನೆ, ಬಾಯಾರು:
ಮಾನ್ಯರೇ, ನಮ್ಮ ಕೆಂಚ ಐದು ವರ್ಷದ, ಬೀಜ ತೆಗೆಸಿದ ಗಂಡುಬೆಕ್ಕು. ತೂಕ 5 ಕಿಲೋ. ಆಟಿ ತಿಂಗಳ ಮಳೆ ಬಿಡದೆ ಸುರಿಯುತ್ತಿದ್ದ ವಾರದಲ್ಲಿ ಅವನು ಬಚ್ಚಲ ಮೂಲೆಯಲ್ಲಿ ಕುಳಿತು ತಿಣುಕುತ್ತಿದ್ದುದನ್ನು ಕಂಡು, ಮಲಬದ್ಧತೆಯಿರಬೇಕೆಂದು ಭಾವಿಸಿ ಒಂದು ದಿನವನ್ನು ಕಳೆದುಬಿಟ್ಟೆವು. ಮರುದಿನ ಬಿಳಿ ಟೈಲಿನ ಮೇಲೆ ನಸುಗೆಂಪು ಹನಿಗಳನ್ನು ಕಂಡಾಗಲೇ ಆಸ್ಪತ್ರೆಗೆ ಓಡಿದೆವು. ನಳಿಕೆ ಹಾಕಿ ಮೂತ್ರ ತೆಗೆದರು. ವರದಿಯಲ್ಲಿ ಸ್ಟ್ರುವೈಟ್ ಹರಳು, ಪಿಎಚ್ 7.5, ಸಾಂದ್ರತೆ 1.055 ಎಂದಿದೆ, ಸ್ಕ್ಯಾನಿನಲ್ಲಿ ಕಲ್ಲಿಲ್ಲ. ಬರೆದುಕೊಟ್ಟ ಚಿಕಿತ್ಸಕ ಆಹಾರವನ್ನು ಅವನು ಮೂಸಿ ನೋಡಿ ಹೊರಟುಹೋಗುತ್ತಾನೆ. ಹುಟ್ಟಿದಂದಿನಿಂದ ಬೂತಾಯಿಯ ತಲೆ, ಗಂಜಿ, ರಾತ್ರಿ ಅಂಗಡಿಯ ಒಣ ಕಾಳು ತಿಂದವನು. ಉಷ್ಣವಾಗಿದೆ, ಎಳನೀರು ಕೊಡು ಎನ್ನುತ್ತಾರೆ ಅಮ್ಮ. ಹಸಿವಾದರೆ ತಾನೇ ತಿಂದಾನೆಂದು ಕಾಯಬಹುದೇ?

ಪಶುವೈದ್ಯ, ಕುಂಬಳೆ:
ಕಾಯಬೇಡಿ. ಎರಡು ಮೂರು ದಿನ ಊಟ ಬಿಟ್ಟ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವ ಅಪಾಯವಿದೆ, ಮೈತುಂಬಿದ ಬೆಕ್ಕಿಗಂತೂ ಇನ್ನೂ ಹೆಚ್ಚು. ಹಳೆಯ ಊಟದಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಏಳರಿಂದ ಹತ್ತು ದಿನಗಳಲ್ಲಿ ಪೂರ್ತಿ ಬದಲಾಯಿಸಿ. ಉಗುರುಬೆಚ್ಚಗೆ ಮಾಡಿ, ಉಪ್ಪು ಹಾಕದೆ ಬೇಯಿಸಿದ ಮೀನಿನ ನೀರನ್ನು ಒಂದು ಚಮಚ ಮೇಲೆ ಸುರಿದರೆ ಹೆಚ್ಚಿನ ಬೆಕ್ಕುಗಳು ಒಪ್ಪುತ್ತವೆ.

ನಿಮ್ಮ ವರದಿಯಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಹರಳಿನ ಮೇಲಲ್ಲ, 1.055 ಎಂಬ ಅಂಕಿಯ ಮೇಲೆ. ತೆಗೆದ ಮೂತ್ರ ತಣ್ಣಗಾಗುತ್ತ ಕುಳಿತರೆ ಸೀಸೆಯಲ್ಲಿಯೇ ಹರಳು ಕಟ್ಟುವುದುಂಟು, ಹಾಗಾಗಿ ಬಸ್ಸಿನಲ್ಲಿ ಎರಡು ಗಂಟೆ ಪ್ರಯಾಣ ಮಾಡಿದ ಮಾದರಿಯ ಹರಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಸಾಂದ್ರತೆ ಹಾಗಲ್ಲ, ಮೂತ್ರ ಇಷ್ಟು ಗಟ್ಟಿಯಾಗಿದ್ದರೆ ಬೆಕ್ಕು ಸಾಕಷ್ಟು ನೀರು ಪಡೆಯುತ್ತಿಲ್ಲವೆಂದು ಅದು ನೇರವಾಗಿ ಹೇಳುತ್ತದೆ. 5 ಕಿಲೋ ತೂಕದ ಬೆಕ್ಕಿಗೆ ಊಟದ್ದೂ ಸೇರಿ ದಿನಕ್ಕೆ ಸುಮಾರು 250 ಮಿಲಿ ನೀರು ಬೇಕು. ಒಣ ಕಾಳಿನಲ್ಲಿ ನೀರಿನ ಅಂಶ ಶೇ. 10ರಷ್ಟು ಮಾತ್ರ, 70 ಗ್ರಾಂ ತಿಂದರೆ ಏಳು ಮಿಲಿ. ಹಸಿ ಆಹಾರದ 85 ಗ್ರಾಮಿನ ಒಂದು ಪೌಚಿನಲ್ಲಿ ಅರುವತ್ತಕ್ಕೂ ಹೆಚ್ಚು ಮಿಲಿ ಇರುತ್ತದೆ. ಆದ್ದರಿಂದ ಚಿಕಿತ್ಸಕ ಆಹಾರವನ್ನು ಸಾಧ್ಯವಾದಷ್ಟೂ ಹಸಿ ರೂಪದಲ್ಲೇ ತನ್ನಿ. ಒಣದ್ದೇ ಸಿಕ್ಕಿದರೆ ನೀರಿನಲ್ಲಿ ನೆನೆಸಿ ಕೊಡಿ.

ಸ್ಟ್ರುವೈಟ್ ಎಂದರೆ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಆದದ್ದು. ಮೂತ್ರ ಆಮ್ಲೀಯವಾದರೆ, ಎಂದರೆ ಪಿಎಚ್ ಇಳಿದರೆ, ಅದು ಕರಗುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಇನ್ನೊಂದು ಬಗೆಯ ಹರಳು ಯಾವ ಆಹಾರಕ್ಕೂ ಕರಗುವುದಿಲ್ಲ. ಅತಿಯಾದ ಆಮ್ಲತೆಯಲ್ಲಿ ಅದರ ಸಾಧ್ಯತೆ ಹೆಚ್ಚುವುದರಿಂದ ವಿನೆಗರ್, ವಿಟಮಿನ್ ಸಿ ಮಾತ್ರೆಗಳ ಪ್ರಯೋಗ ಮನೆಯಲ್ಲಿ ಬೇಡ. ಚಿಕಿತ್ಸಕ ಆಹಾರದ ಜೊತೆಗೆ ಮೀನಿನ ತಲೆ, ಮುಳ್ಳು, ಒಣಮೀನು ನಡೆಯುತ್ತಿದ್ದರೆ ಅಷ್ಟು ದುಡ್ಡು ಸುರಿದೂ ಪ್ರಯೋಜನವಿಲ್ಲ. ಎಳನೀರಿನ ವಿಷಯದಲ್ಲಿ ಅಮ್ಮನವರಿಗೆ ಸಮಾಧಾನದಿಂದ ತಿಳಿಸಿ: ಮೂತ್ರ ಕಟ್ಟಿದ ಬೆಕ್ಕಿನ ರಕ್ತದಲ್ಲಿ ಏರುವುದೇ ಪೊಟ್ಯಾಸಿಯಂ, ಹೃದಯ ನಿಲ್ಲಿಸುವುದೂ ಅದೇ, ಮತ್ತು ಎಳನೀರಿನಲ್ಲಿ ತುಂಬಿರುವುದೂ ಅದೇ. ನೋವಿಗೆಂದು ಪ್ಯಾರಸಿಟಮಾಲ್ ಕೊಟ್ಟರಂತೂ ಬೆಕ್ಕು ಉಳಿಯುವುದು ಕಷ್ಟ.

ಕೆಂಚನ ಮನೆ, ಬಾಯಾರು:
ಡಾಕ್ಟರರೇ, ಅಮ್ಮ ಎಳನೀರು ಬಿಟ್ಟರು, ಬೂತಾಯಿಯ ತಲೆ ಬಿಡುವುದಕ್ಕೆ ಮೂರು ದಿನ ಬೇಕಾಯಿತು. ಇವನು ಬಟ್ಟಲಿನ ನೀರಿಗೆ ಮುಖ ತಿರುಗಿಸುತ್ತಾನೆ, ಸುರಂಗದಿಂದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ಪೈಪಿನಲ್ಲಿ ತೊಟ್ಟಿಗೆ ಬೀಳುವ ನೀರನ್ನು ಮಾತ್ರ ನೆಕ್ಕುತ್ತಾನೆ. ಆ ನೀರಿನಿಂದಲೇ ಕಲ್ಲಾಗುತ್ತದೆಯೆಂದು ಅಂಗಡಿಯವರು ಹೇಳಿದರು.

ಪಶುವೈದ್ಯ, ಕುಂಬಳೆ:
ನಮ್ಮ ಮುರಕಲ್ಲಿನಿಂದ ಒಸರುವ ಸುರಂಗದ ನೀರು ಸಾಮಾನ್ಯವಾಗಿ ಮೆದುವಾಗಿಯೇ, ಎಂದರೆ ಖನಿಜದ ಅಂಶ ಕಡಿಮೆಯಾಗಿಯೇ ಇರುತ್ತದೆ. ಕುಡಿಯಲಿ, ಹರಿಯುವ ನೀರೆಂದರೆ ಅನೇಕ ಬೆಕ್ಕುಗಳಿಗೆ ಇಷ್ಟ. ನನಗೆ ಅನುಮಾನವಿರುವುದು ಆಟಿಯ ಮಳೆಯ ಮೇಲೆ. ತೋಟದ ಮಣ್ಣಿನಲ್ಲಿ ಮೂತ್ರ ಮಾಡಿ ಅಭ್ಯಾಸವಿರುವ ಬೆಕ್ಕು ಮಳೆಗೆ ಹೊರಗಿಳಿಯದೆ ದಿನವಿಡೀ ತಡೆದುಕೊಳ್ಳುತ್ತದೆ, ಮೂತ್ರಕೋಶದಲ್ಲಿ ಹೆಚ್ಚು ಹೊತ್ತು ನಿಂತ ಮೂತ್ರದಲ್ಲಿ ಹರಳು ಬೆಳೆಯುತ್ತದೆ. ಒಳ ಚಾವಡಿಯಲ್ಲಿ ಮರಳಿನ ಎರಡು ಟ್ರೇ ಇಡಿ. ಅದರಲ್ಲಿ ಮತ್ತೆ ಮತ್ತೆ ಕುಳಿತು ಹನಿಯೂ ಬಾರದಿದ್ದರೆ, ವಾಂತಿ ಮಾಡಿದರೆ, ರಾತ್ರಿಯಾದರೂ ಹೊರಡಿ. ಒಂದೆರಡು ದಿನದಲ್ಲಿ ಪ್ರಾಣ ಹೋಗುವ ಕಾಯಿಲೆಯಿದು.

ಕೆಂಚನ ಮನೆ, ಬಾಯಾರು:
ನಾಲ್ಕು ವಾರ ಕಳೆಯಿತು. ಆಸ್ಪತ್ರೆಯಲ್ಲೇ ತೆಗೆದು ಆಗಲೇ ಪರೀಕ್ಷಿಸಿದ ಮೂತ್ರದಲ್ಲಿ ಹರಳಿಲ್ಲ, ಪಿಎಚ್ 6.4, ಸಾಂದ್ರತೆ 1.030. ಮೊದಲು ಟ್ರೇಯಲ್ಲಿ ಗೋಲಿಯಷ್ಟು ಮರಳು ಒದ್ದೆಯಾಗುತ್ತಿತ್ತು, ಈಗ ದಿನಕ್ಕೆ ಮೂರು ಸಲ ನಿಂಬೆಹಣ್ಣಿನಷ್ಟು ದೊಡ್ಡ ಉಂಡೆ ಸಿಗುತ್ತದೆ. ಬೆಳಿಗ್ಗೆ ಎದ್ದು ಅದನ್ನು ಎಣಿಸುವ ಕೆಲಸವನ್ನು ಈಗ ಅಮ್ಮನೇ ವಹಿಸಿಕೊಂಡಿದ್ದಾರೆ.