ಮಗುವನ್ನು ಯಾರ ಹತ್ತಿರ ಬಿಡ್ತೀರಿ?

(ನಮ್ಮ ಮನೆ ಗುಂಪು, ನಿನ್ನೆ ರಾತ್ರಿ. ಪವನ ಒಂದು ಫೋಟೋ ಹಾಕಿದ. ಎಡಕ್ಕೆ ನಗುವ ಕ್ವಾಕಾ ಎಂಬ ಆಸ್ಟ್ರೇಲಿಯಾದ ಪುಟ್ಟ ಪ್ರಾಣಿ, ಬಲಕ್ಕೆ ಗುರಾಯಿಸುವ ಶೂಬಿಲ್ ಹಕ್ಕಿ. ಕೆಳಗೆ: "ಒಂದು ದಿನ ನಿಮ್ಮ ಮಗುವನ್ನು ಯಾರ ಹತ್ತಿರ ಬಿಡುತ್ತೀರಿ?" ಎಂಟು ಗಂಟೆಗೆ ಮಲಗುವ ದೊಡ್ಡಪ್ಪನೂ ಎದ್ದು ಕೂತರು.)

ಸುಧಾ ಚಿಕ್ಕಮ್ಮ: ಕೇಳೋದೇನಿದೆ? ಕ್ವಾಕಾ. ಎಂಥ ನಗುಮುಖ! ಆ ಹಕ್ಕಿ ನೋಡಿದರೆ ನನಗೇ ಜ್ವರ ಬರುತ್ತದೆ.

ಪವನ: ಅದು ನಗು ಅಲ್ಲ ಚಿಕ್ಕಮ್ಮ. ಬಾಯಿಯ ಆಕಾರವೇ ಹಾಗೆ. ಹೆದರಿದರೂ ನಕ್ಕ ಹಾಗೇ ಕಾಣುತ್ತದೆ.

ಸುಧಾ ಚಿಕ್ಕಮ್ಮ: ಇರಲಿ ಬಿಡು. ನಮ್ಮ ಮನೆಯಲ್ಲಿ ಅಷ್ಟೂ ನಗುವವರಿಲ್ಲ.

ರೇಖಾ ಅಕ್ಕ (ಪರ್ತ್): ನಾನು ರಾಟ್‌ನೆಸ್ಟ್ ದ್ವೀಪದಲ್ಲಿ ನೋಡಿದ್ದೇನೆ. ಬೆಕ್ಕಿನಷ್ಟು ಗಾತ್ರ, ಕಾಂಗರೂ ಹಾಗೆ ಹೊಟ್ಟೆಚೀಲ. ಮುಟ್ಟಿದರೆ ದಂಡ. 1696ರಲ್ಲಿ ಬಂದ ಡಚ್ಚರು ದೊಡ್ಡ ಇಲಿ ಅಂದುಕೊಂಡು ದ್ವೀಪಕ್ಕೇ 'ಇಲಿಗೂಡು' ಅಂತ ಹೆಸರಿಟ್ಟರು. ಅಲ್ಲಿ ನರಿ ಇಲ್ಲ, ಅದಕ್ಕೇ ಜಾಸ್ತಿ ಉಳಿದಿವೆ.

ಪವನ: ನರಿ ಬಂದರೆ ಏನಾಗುತ್ತದೆ, ಅದನ್ನೂ ಹೇಳಕ್ಕ.

ರೇಖಾ ಅಕ್ಕ: ಅಟ್ಟಿಸಿಕೊಂಡು ಬಂದರೆ ತಾಯಿಯ ಚೀಲ ಸಡಿಲವಾಗಿ ಮರಿ ಬೀಳುತ್ತದೆ. ಮರಿ ಬಿದ್ದಲ್ಲೇ ಕೂಗುತ್ತದೆ, ತಾಯಿ ಓಡಿ ಬದುಕಿಕೊಳ್ಳುತ್ತದೆ. ತಾಯಿಯೇ ಮರಿಯನ್ನು ಎತ್ತಿ ಎಸೆಯುತ್ತದೆ ಅಂತ ಜನ ಹೇಳುವುದೆಲ್ಲ ಸುಳ್ಳು.

ಸುಧಾ ಚಿಕ್ಕಮ್ಮ: ಅಯ್ಯೋ ರಾಮ! ಎಸೆದರೇನು, ಬಿದ್ದರೇನು?

ದೊಡ್ಡಪ್ಪ: ಆ ಹಕ್ಕಿ ನಮ್ಮ ಹೆಜ್ಜಾರ್ಲೆಯ (ಪೆಲಿಕನ್) ನೆಂಟ. ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋಗಿದ್ದೆನಲ್ಲ, ಮರೆತಿರಾ? ಆದರೆ ಇದರ ಮುಖ ಬಡ್ಡಿ ವಸೂಲಿಗೆ ಬಂದವನ ಹಾಗಿದೆ.

ಪವನ: ಮುಖ ಬಿಡಿ ದೊಡ್ಡಪ್ಪ. ಉಗಾಂಡ, ಜಾಂಬಿಯಾದ ಜೌಗಿನಲ್ಲಿ ನಾಲ್ಕಡಿ ಎತ್ತರದ ಈ ಹಕ್ಕಿ ಮೀನಿಗಾಗಿ ಅಲುಗದೆ ಕಾಯುತ್ತದೆ. ಬಿಸಿಲು ಏರಿದರೆ ಅದೇ ಬೂಟಿನಂಥ ಕೊಕ್ಕಿನಲ್ಲಿ ನೀರು ತಂದು ಮೊಟ್ಟೆಗಳ ಮೇಲೆ ಸುರಿಯುತ್ತದೆ. ಅಪ್ಪ ಅಮ್ಮ ಇಬ್ಬರಿಗೂ ಪಾಳಿ.

ಸುಧಾ ಚಿಕ್ಕಮ್ಮ: ಅಪ್ಪನಿಗೂ! ಭಾವ, ಓದಿದಿರಾ?

ದೊಡ್ಡಪ್ಪ: ಓದಿದೆ.

ಪವನ: ಹಾಗಾದರೆ ಶೂಬಿಲ್ಲೇ ಸರಿ, ಅಲ್ವಾ?

ರೇಖಾ ಅಕ್ಕ: ಅರ್ಧ ಹೇಳಿ ಗೆಲ್ಲಬೇಡ. ಎರಡು ಮರಿಯಾದರೆ ದೊಡ್ಡದು ಚಿಕ್ಕದನ್ನು ಕುಕ್ಕಿ ಕುಕ್ಕಿ ಮೂಲೆಗೆ ತಳ್ಳುತ್ತದೆ. ಸಾಮಾನ್ಯವಾಗಿ ಉಳಿಯುವುದು ಒಂದೇ. ಅಪ್ಪ ಅಮ್ಮ ಬಿಡಿಸುವುದಿಲ್ಲ.

ಪವನ: ನಮ್ಮ ಬಾಲ್ಯ ನೆನಪಾಯಿತಕ್ಕ.

ಸುಧಾ ಚಿಕ್ಕಮ್ಮ: ಎರಡೂ ಬೇಡ. ಶನಿವಾರ ಪುಟ್ಟಿಯನ್ನು ನನ್ನ ಹತ್ತಿರವೇ ಬಿಡು.

ಪವನ: ಫೋಟೋ ಹಾಕಿದ್ದೇ ಅದಕ್ಕೆ ಚಿಕ್ಕಮ್ಮ. ಒಂಬತ್ತಕ್ಕೆ ಬರುತ್ತೇನೆ.