ಪದಬಂಧದಲ್ಲಿ ‘ಪ _ ಶ’ ಕೂರುತ್ತಿಲ್ಲ, ಎಲ್ಲಿ ತಪ್ಪಿದೆ?

ಚೌಕುಳಿ (ಕುಂಬಳೆ): ಇವತ್ತಿನ ವಿಷಯ ‘ಜಿಲ್ಲೆಯ ಹೊಳೆಗಳು’. ಎಡದಿಂದ ಬಲಕ್ಕೆ 7: ‘ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಕಾಸರಗೋಡಿಗೆ ಇಳಿಯುವವಳು (4)’. ಮೇಲಿಂದ ಇಳಿದ ‘ತಪಸ್ವಿ’ಯಿಂದ ಮೂರನೇ ಮನೆಗೆ ‘ಸ್ವಿ’ ಸಿಕ್ಕಿತು, ಪಯಸ್ವಿನಿ ಅಂತ ಬರೆದಾಯಿತು. ಮೇಲಿಂದ ಕೆಳಕ್ಕೆ 7: ‘ಒಣ ಅಡಿಕೆಗೆ ಬೂಷ್ಟು ತರುವುದು (3)’. ಅದರ ಮೊದಲಿಗೆ ಪಯಸ್ವಿನಿಯ ‘ಪ’, ಕೊನೆಗೆ ‘ಶರಧಿ’ಯ ‘ಶ’ ಇದೆ. ‘ಪ _ ಶ’ ಅಂದರೆ ಏನು ಮಾರಾಯ್ರೆ? ಶರಧಿಯೇ ತಪ್ಪಾ?

ಪೆನ್ಸಿಲ್‌ಮೊನೆ: ಶರಧಿ ಸರಿ, ಹೊಳೆ ತಪ್ಪಿದ್ದು. ಕಾರ್ಯಂಗೋಡು ಹೊಳೆಗೆ ತೇಜಸ್ವಿನಿ ಅಂತಲೂ ಹೆಸರುಂಟು, ಅವಳ ತವರೂ ಕೊಡಗೇ. ಪಯಸ್ವಿನಿ, ತೇಜಸ್ವಿನಿ ಎರಡಕ್ಕೂ ಕೊನೆಯ ಎರಡು ಮನೆ ಒಂದೇ, ಹಾಗಾಗಿ ‘ಸ್ವಿ’ ಸಿಕ್ಕಿದರೂ ಏನೂ ಇತ್ಯರ್ಥ ಆಗುವುದಿಲ್ಲ, ಚಂದ್ರಗಿರಿ ಅಲ್ಲ ಅಂತ ಮಾತ್ರ ಗೊತ್ತಾಗುತ್ತದೆ. ಮೊದಲ ಮನೆ ‘ತೇ’ ಮಾಡಿ: ತೇ-ವಾಂ-ಶ. ಮಂಜೇಶ್ವರ, ನೀಲೇಶ್ವರದಲ್ಲೂ ಇದೇ ಬಲೆ. ಬಾಲ ಸಮ ಇರುವ ಜೋಡಿ ಕಂಡರೆ ಮೊದಲ ಎರಡು ಮನೆಗಳಲ್ಲಿ ಒಂದು ಖಚಿತವಾಗುವ ತನಕ ಪೆನ್ನು ಮುಟ್ಟಬೇಡಿ.

ಅಡ್ಡಸಾಲು (ಬದಿಯಡ್ಕ): ಉತ್ತರ ಅದೇ. ಆದರೆ ಸುಳಿವು ಸಡಿಲ ಅಂತ ನನ್ನ ಅಭಿಪ್ರಾಯ. ಸುಳ್ಯದ ಮೇಲಿಂದ ಬರುವ ಪಯಸ್ವಿನಿಗೂ ಅದು ಅಕ್ಷರಶಃ ಹೊಂದುತ್ತದೆ. ‘ನೀಲೇಶ್ವರದ ಹತ್ತಿರ ಕಡಲು ಸೇರುವವಳು’ ಅಂದಿದ್ದರೆ ಜಗಳವೇ ಇರುತ್ತಿರಲಿಲ್ಲ. ಆದರೆ 15ಕ್ಕೆ ಭೇಷ್ ಅನ್ನಲೇಬೇಕು: ‘ಬಳೆ ತೊಟ್ಟ ಊರು (3)’. ಕುಂಬಳೆ! ಊರಿನ ಹೆಸರೊಳಗೇ ಬಳೆ ಕೂತಿದೆ, ಸುಳಿವಿನಲ್ಲಿ ಒಂದು ಪದವೂ ದಂಡ ಅಲ್ಲ.

ಚೌಕುಳಿ: ನಮ್ಮ ಊರೇ ಹೊಳೆಯಲಿಲ್ಲ ನೋಡಿ! ತೇವಾಂಶ ಕೂತಿತು. ಇನ್ನೊಂದು: ಎಡದಿಂದ ಬಲಕ್ಕೆ 12 ಚಂದ್ರಗಿರಿ ತಾನೇ? ಅದರ ಮೊದಲ ಮನೆಯಿಂದ ಕೆಳಕ್ಕೆ ‘ಸಂಪಿಗೆ (3)’. ‘ಚ’ದಿಂದ ಏನೂ ಬರುತ್ತಿಲ್ಲ.

ಪೆನ್ಸಿಲ್‌ಮೊನೆ: ಮನೆಯಲ್ಲಿ ‘ಚ’ ಅಲ್ಲ, ‘ಚಂ’ ಬರೆಯಬೇಕು. ಚಂ-ಪ-ಕ. ಮಲಯಾಳದಲ್ಲಿ ‘ನ’ಕಾರ ಮುಂದಿನ ಅಕ್ಷರದ ಜೊತೆ ಕೂಡಿ ಒತ್ತಕ್ಷರವಾಗುತ್ತದೆ, ಅಲ್ಲಿ ಮೊದಲ ಅಕ್ಷರ ಬರೀ ‘ಚ’. ದಿನಾ ಮಲಯಾಳ ಬೋರ್ಡು ಓದುವ ಕಣ್ಣಿಗೆ ಅದೇ ರೂಢಿ. ಕನ್ನಡದಲ್ಲಿ ಸೊನ್ನೆ ಹಿಂದಿನ ಅಕ್ಷರದ ಮನೆಯಲ್ಲೇ ಇರುತ್ತದೆ. ಮನೆಗಳ ಲೆಕ್ಕ ಎರಡರಲ್ಲೂ ನಾಲ್ಕೇ ಆದ್ದರಿಂದ ತಪ್ಪು ಬೇಗ ಕಾಣುವುದಿಲ್ಲ.

ಅಡ್ಡಸಾಲು (ಬದಿಯಡ್ಕ): ಹಾಗೆಯೇ 19ರ ಮೊಗ್ರಾಲ್. ಕೊನೆಯ ಮನೆಗೆ ‘ಲ್’ ಹಾಕಿದರೆ ಕೆಡುತ್ತದೆ. ಆ ಮನೆಯಿಂದ ಕೆಳಕ್ಕೆ ಪದ ಶುರುವಾಗಬೇಕು, ಅರ್ಧಾಕ್ಷರದಿಂದ ಕನ್ನಡ ಪದ ಶುರುವಾಗುವುದಿಲ್ಲ. ‘ಲು’ ಬರೆಯಿರಿ, ಮೊಗ್ರಾಲು.