ಪಟ್ಟಿಯಿಂದ ಅಳಿಸಿದ ನಾಲ್ಕನೆಯ ಸಾಲು

ಅಕ್ಕ ಟೋಕಿಯೋದಲ್ಲಿದ್ದಾಳೆ, ಭಾವ ಜಪಾನಿನವರು. ಮುಂದಿನ ತಿಂಗಳು ಅಪ್ಪ, ಅಮ್ಮ, ತಮ್ಮ ಮತ್ತು ನಾನು ಅಲ್ಲಿಗೆ ಹೋದಾಗ ಬೀಗರು ನಮ್ಮನ್ನು ಒಂದು ಸಂಜೆ ಕ್ಯಾರಿಯೋಕೆಗೆ ಕರೆದಿದ್ದಾರೆ. ಅಲ್ಲಿ ಹಾಡಲಿರುವ ಜಪಾನೀ ಹಾಡುಗಳ ಪಟ್ಟಿಯನ್ನು ಎಲ್ಲರೂ ತಿದ್ದಬಹುದಾದ ಒಂದು ಶೀಟಿನಲ್ಲಿ ಇಟ್ಟಿದ್ದೆವು. ಶನಿವಾರ ಮನೆಯ ಗುಂಪಿನಲ್ಲಿ ನಡೆದ ಮಾತು ಇದು.

ಅಮ್ಮ: ನಾಲ್ಕನೆಯ ಸಾಲಿನಲ್ಲಿ ನಾನು ಬರೆದಿದ್ದ ಹಾಡು ಬೆಳಿಗ್ಗೆ ನೋಡಿದರೆ ಇಲ್ಲ. ಆ ಜಾಗದಲ್ಲಿ ‘ಐಡಲ್’ ಎಂದಿದೆ. ಮೂರು ವಾರದಿಂದ ಅಡುಗೆಮನೆಯಲ್ಲಿ ಅದನ್ನೇ ಕೇಳಿಕೊಂಡು ಒಂದೊಂದು ಸಾಲು ಬಾಯಿಪಾಠ ಮಾಡಿದ್ದೇನೆ. ಅಳಿಸುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು.

ತಮ್ಮ: ಅಮ್ಮ, ‘ಐಡಲ್’ ಬರೆದವನು ನಾನು, ಆದರೆ ನಿನ್ನ ಹಾಡನ್ನು ಅಳಿಸಿದವನು ನಾನಲ್ಲ. ಸಾಲು ಖಾಲಿ ಕಂಡಿತು, ತುಂಬಿದೆ. ಆ ಹಾಡು ಬೇಕು ಎಂದು ನಾನು ಹಟ ಹಿಡಿದಿರುವುದಕ್ಕೆ ಕಾರಣವಿದೆ. ಯೊಆಸೊಬಿ ಜೋಡಿಯ ಈ ಹಾಡು 2023ರಲ್ಲಿ ಬಂದು, ಅಮೆರಿಕವನ್ನು ಬಿಟ್ಟು ಉಳಿದ ಜಗತ್ತಿನ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಜಪಾನೀ ಹಾಡಾಯಿತು. ಜಪಾನಿಗೆ ಹೋಗಿ ಹಳೆಯ ಹಾಡುಗಳನ್ನೇ ಹಾಡಿದರೆ, ಅವರ ಇಂದಿನ ಸಂಗೀತ ನಮಗೆ ಗೊತ್ತೇ ಇಲ್ಲ ಎಂದಾಗುವುದಿಲ್ಲವೇ?

ನಾನು: ಆ ಹಾಡು ಜನಪ್ರಿಯವೆಂಬುದರಲ್ಲಿ ನನಗೆ ಸಂದೇಹವಿಲ್ಲ, ಆದರೆ ನಿನ್ನ ಬಾಯಲ್ಲಿ ಅದು ನಿಲ್ಲುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದರಲ್ಲಿ ಉಸಿರು ತೆಗೆದುಕೊಳ್ಳಲು ಎಡೆ ಇಲ್ಲದ ಓಟದ ಸಾಲುಗಳಿವೆ, ನಡುವೆ ರ‍್ಯಾಪ್ ಇದೆ, ಶ್ರುತಿಯೂ ಬದಲಾಗುತ್ತದೆ. ಕಛೇರಿಯಲ್ಲಿ ಹಾಡುಗಾರ ಒಂದು ಅಕ್ಷರ ತಡವಾದರೆ ಪಕ್ಕವಾದ್ಯದವರು ಕಾದು, ಹಿಡಿದು, ಸರಿಮಾಡಿಕೊಳ್ಳುತ್ತಾರೆ. ಕ್ಯಾರಿಯೋಕೆಯ ವಾದ್ಯವೃಂದ ಖಾಲಿ ವಾದ್ಯವೃಂದ, ಆ ಪದದ ಅರ್ಥವೇ ಅದು. ನೀನು ತಪ್ಪಿದರೂ ಅದು ತನ್ನ ಪಾಡಿಗೆ ಮುಂದೆ ಹೋಗುತ್ತದೆ, ಪರದೆಯ ಮೇಲಿನ ಅಕ್ಷರಗಳೂ ಬಣ್ಣ ಬದಲಿಸುತ್ತ ಹೋಗುತ್ತವೆ.

ಚಿಕ್ಕಪ್ಪ: ನಾನು ಜಪಾನಿನ ಯೊಕೊಹಾಮಾಕ್ಕೆ ಬಂದ ಹೊಸದರಲ್ಲಿ ಇದೇ ತಪ್ಪು ಮಾಡಿದ್ದೆ. ಆ ವರ್ಷ ಎಲ್ಲೆಲ್ಲೂ ಕೇಳುತ್ತಿದ್ದ ಒಂದು ಹಾಡನ್ನು ಕಚೇರಿಯವರ ಕೂಟದಲ್ಲಿ ಆರಿಸಿ, ಎರಡನೆಯ ಚರಣದಲ್ಲಿ ಬಾಯಿ ಕಟ್ಟಿ ನಿಂತುಬಿಟ್ಟೆ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಏನೂ ಆಗದವರಂತೆ ಎರಡನೆಯ ಮೈಕ್ ಎತ್ತಿಕೊಂಡು ಕೊನೆಯವರೆಗೆ ನನ್ನೊಡನೆ ಹಾಡಿದರು. ಅವರ ಆ ಉಪಕಾರವನ್ನು ನಾನು ಇಂದಿಗೂ ಮರೆತಿಲ್ಲ. ಅಂದಿನಿಂದ ಹೊಸ ಹಾಡನ್ನು ಮನೆಯಲ್ಲಿ ಪೂರ್ತಿ ಹಾಡಿ ಮುಗಿಸದೆ ಅಲ್ಲಿ ಮುಟ್ಟಿಲ್ಲ. ಅದಿರಲಿ, ಏಳನೆಯ ಸಾಲಿನಲ್ಲಿ ‘ಅಮಗಿಗೊಎ’ ಬರೆದವರು ಯಾರು?

ಅಪ್ಪ: ನಾನೇ. ಇಶಿಕಾವಾ ಸಾಯುರಿಯವರ 1986ರ ಹಾಡು. ಎಂಕಾ ಎಂಬ ಹಳೆಯ ಶೈಲಿಯಲ್ಲಿ ಬಹಳ ಹೆಸರಾದದ್ದು ಎಂದು ಓದಿದೆ. ಕೇಳಿದಾಗ ನಮ್ಮ ಗಮಕದಂತೆ ಸ್ವರವನ್ನು ಅಲುಗಿಸುವ ರೀತಿ ಹಿಡಿಸಿತು. ನಿನ್ನ ಅತ್ತಿಗೆ ಹಾಡಿದರೆ ಚೆನ್ನಾಗಿರುತ್ತದೆ ಎಂದುಕೊಂಡೆ.

ಚಿಕ್ಕಪ್ಪ: ಅಣ್ಣ, ಆ ಅಲುಗಾಟವನ್ನು ಇಲ್ಲಿ ಕೊಬುಶಿ ಎನ್ನುತ್ತಾರೆ, ಅತ್ತಿಗೆಗೆ ಅದು ಸುಲಭವಾಗಿ ಒಲಿಯುತ್ತದೆ ಎಂಬುದೂ ನಿಜ. ಆದರೆ ಅರ್ಥ ನೋಡಬೇಕು. ನೀನು ಇನ್ನೊಬ್ಬಳ ಪಾಲಾಗುವುದಾದರೆ ನಿನ್ನನ್ನು ಕೊಂದೇಬಿಡಲೇ ಎಂದು ಕೇಳುವ ಹೆಣ್ಣಿನ ಹಾಡದು. ಗೆಳೆಯರ ನಡುವೆ ಅದನ್ನು ಎಲ್ಲರೂ ಹಾಡುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಬೀಗರ ಮನೆಯವರ ಜೊತೆಗಿನ ಮೊದಲ ಸಂಜೆಗೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಪ್ಪ: ಹಾಗಾದರೆ ತೆಗೆಯುತ್ತೇನೆ. ಅರ್ಥ ತಿಳಿಯದೆ ಬರೆದದ್ದು ನನ್ನ ತಪ್ಪು.

ಅಮ್ಮ: ನನ್ನ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಹೇಳಿಲ್ಲ.

ಅಕ್ಕ: ಅಮ್ಮ, ಅಳಿಸಿದವಳು ನಾನು. ರಾತ್ರಿ ಕೆಲಸದಿಂದ ಬಂದು ಅಳಿಸಿ, ಬೆಳಿಗ್ಗೆ ಫೋನ್ ಮಾಡಿ ಹೇಳೋಣವೆಂದು ಮಲಗಿದೆ, ಅಷ್ಟರಲ್ಲಿ ನೀನು ನೋಡಿದೆ. ನೀನು ಆರಿಸಿದ್ದು ಮಿಸೋರಾ ಹಿಬಾರಿಯವರ ‘ಕವಾ ನೊ ನಗಾರೆ ನೊ ಯೋ ನಿ’. 1989ರ ಜನವರಿಯಲ್ಲಿ ಬಂದ ಹಾಡು. ಅದೇ ವರ್ಷದ ಜೂನ್‌ನಲ್ಲಿ ಅವರು ತೀರಿಕೊಂಡರು. ಬದುಕನ್ನು ನದಿಯ ಹರಿವಿಗೆ ಹೋಲಿಸುವ ಆ ಹಾಡು ನಮ್ಮ ಅತ್ತೆಯ ಒಹಾಕೊ. ಎಂದರೆ ಇದು ಇವರದೇ ಹಾಡು ಎಂದು ಎಲ್ಲರೂ ಒಪ್ಪಿಕೊಂಡಿರುವ ಹಾಡು. ಅವರು ಪ್ರತಿ ಸಲವೂ ಅದನ್ನೇ ಹಾಡುತ್ತಾರೆ, ಮಾವ ಪ್ರತಿ ಸಲವೂ ಕಣ್ಣು ಮುಚ್ಚಿ ಕೇಳುತ್ತಾರೆ. ಅದನ್ನು ನೀನು ಮೊದಲೇ ಹಾಡಿಬಿಟ್ಟರೆ ಅವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಆದರೆ ಆ ಸಂಜೆ ತಾವು ಅದನ್ನು ಹಾಡುವುದೂ ಇಲ್ಲ.

ಅಮ್ಮ: ಇದನ್ನು ಮೊದಲೇ ಹೇಳಿದ್ದರೆ ನಾನೇ ತೆಗೆಯುತ್ತಿದ್ದೆ. ಹೇಳದೆ ತೆಗೆದದ್ದು ಮಾತ್ರ ನನಗೆ ನೋವಾಯಿತು.

ಅಕ್ಕ: ತಪ್ಪಾಯಿತು, ಅಮ್ಮ.

ನಾನು: ಆ ಸಾಲಿಗೆ ನನ್ನದೊಂದು ಸೂಚನೆಯಿದೆ, ಅದಕ್ಕಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ‘ಉಎ ಒ ಮುಇತೆ ಅರುಕೋ’ ಹಾಡೋಣ. ಏ ರೊಕುಸುಕೆ ಎಂಬವರು ಬರೆದು, ನಕಾಮುರಾ ಹಚಿದಾಯ್ ರಾಗ ಹಾಕಿ, ಸಾಕಾಮೋಟೊ ಕ್ಯೂ 1961ರಲ್ಲಿ ಹಾಡಿದ್ದು. 1963ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು, ಅದೂ ಜಪಾನೀ ಭಾಷೆಯಲ್ಲೇ. ಹಾಡಿಗೆ ಯಾವ ಸಂಬಂಧವೂ ಇಲ್ಲದ ‘ಸುಕಿಯಾಕಿ’ ಎಂಬ ಅಡುಗೆಯ ಹೆಸರನ್ನು ಮಾತ್ರ ಪಶ್ಚಿಮದವರು ಅದಕ್ಕೆ ಅಂಟಿಸಿದರು. ಕಣ್ಣೀರು ಕೆಳಗೆ ಬೀಳದಂತೆ ಮೇಲೆ ನೋಡುತ್ತ ನಡೆಯೋಣ ಎಂಬುದು ಅದರ ಭಾವ. ಸಾಕಾಮೋಟೊ 1985ರ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಆದರೆ 2011ರ ಭೂಕಂಪ ಮತ್ತು ಸುನಾಮಿಯ ನಂತರವೂ ಧೈರ್ಯ ತುಂಬಲು ಜನ ಹಾಡಿದ್ದು ಇದೇ ಹಾಡನ್ನು. ಬೀಗರಿಗೂ ಗೊತ್ತು, ಭಾವನಿಗೂ ಗೊತ್ತು. ಭಾಷೆ ಬಾರದವರು ಸೇರಿಕೊಳ್ಳಲು ನಡುವೆ ಸಿಳ್ಳೆಯ ಭಾಗವೂ ಇದೆ. ಅಮ್ಮನಿಗೆ ಇನ್ನೊಂದು ಅನುಕೂಲವಿದೆ. ಜಪಾನಿನ ಅನೇಕ ಹಾಡುಗಳು ನಾಲ್ಕನೆಯ ಮತ್ತು ಏಳನೆಯ ಸ್ವರವನ್ನು ಬಿಟ್ಟು ನಡೆಯುತ್ತವೆ, ಎಂದರೆ ನಮ್ಮ ಮೋಹನ ರಾಗದ ಸ್ವರಗಳು. ಈ ಹಾಡೂ ಬಹುಮಟ್ಟಿಗೆ ಅದೇ ದಾರಿಯಲ್ಲಿ ಹೋಗುತ್ತದೆ.

ತಮ್ಮ: ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ ಶೀಟಿಗೆ ಹಾಕಿದ್ದೇನೆ.

ನಾನು: ದಯವಿಟ್ಟು ಅದನ್ನು ತೆಗೆ. ನಾನು ಕನ್ನಡದಲ್ಲಿ ಬರೆದು ಕೊಡುತ್ತೇನೆ. ಜಪಾನೀ ಹಾಡು ಮಾತ್ರೆಯ ಲೆಕ್ಕದಲ್ಲಿ ನಡೆಯುತ್ತದೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರ ಅಥವಾ ಸೊನ್ನೆ ಬಂದರೆ ಅದಕ್ಕೂ ಒಂದು ಮಾತ್ರೆಯ ಸಮಯ. ಲಘು ಗುರು ಹಾಕಿ ಷಟ್ಪದಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎ-ಏ, ಒ-ಓ ಎಂಬ ಭೇದವೂ ನಮ್ಮ ಲಿಪಿಯಲ್ಲಿ ಸ್ಪಷ್ಟವಾಗಿದೆ. ಇಂಗ್ಲಿಷ್ ಅಕ್ಷರದಲ್ಲಿ ದೀರ್ಘಕ್ಕೆ ಮೇಲೆ ಗೀಟು ಹಾಕದೆ ಬರೆದರೆ ಒಬಸನ್ ಮತ್ತು ಒಬಾಸನ್ ಒಂದೇ ಆಗಿಬಿಡುತ್ತವೆ. ಮೊದಲನೆಯದು ಚಿಕ್ಕಮ್ಮ ಅತ್ತೆಯರಿಗೆ ಹೇಳುವ ಮಾತು, ಎರಡನೆಯದು ಅಜ್ಜಿಗೆ. ಒಂದು ಎಚ್ಚರಿಕೆ ಮಾತ್ರ ಬೇಕು. ನಮ್ಮ ನಾಲಗೆ ತಾನಾಗಿ ಆಗಮ ಸಂಧಿ ಮಾಡುತ್ತದೆ. ‘ಉಎ’ ಎಂಬುದು ‘ಉವೆ’ ಆಗಬಾರದು, ‘ಮುಇತೆ’ ಎಂಬುದು ‘ಮುಯಿತೆ’ ಆಗಬಾರದು. ಎರಡು ಸ್ವರಗಳನ್ನೂ ಬಿಡಿಬಿಡಿಯಾಗಿ, ತಲಾ ಒಂದು ಮಾತ್ರೆ ಕೊಟ್ಟು ಹೇಳಬೇಕು.

ತಮ್ಮ: ಅದನ್ನು ಒಪ್ಪುತ್ತೇನೆ. ಆದರೆ ಪಟ್ಟಿಯೆಲ್ಲ ಹಳೆಯದೇ ಆದರೆ ನಾನು ಕೈಕಟ್ಟಿ ಕುಳಿತಿರಬೇಕಾಗುತ್ತದೆ. ಭಾವನ ತಂಗಿ ನನ್ನ ವಯಸ್ಸಿನವರು, ಅವರಿಗೂ ಹಾಗೆಯೇ ಅನಿಸೀತು.

ಚಿಕ್ಕಪ್ಪ: ಅವನ ಮಾತಿನಲ್ಲಿ ನ್ಯಾಯವಿದೆ. 1995ರ ‘ಝಂಕೊಕು ನ ತೆನ್ಶಿ ನೊ ತೇಝೆ’ ಇಟ್ಟುಕೊಳ್ಳಲಿ. ‘ಇವಾಂಜೆಲಿಯನ್’ ಧಾರಾವಾಹಿಯ ಹಾಡು, ತಕಾಹಾಶಿ ಯೋಕೊ ಹಾಡಿದ್ದು. ಅನಿಮೆ, ಎಂದರೆ ಜಪಾನೀ ಕಾರ್ಟೂನ್, ನೋಡುವ ಹುಡುಗರಿಗೂ ಗೊತ್ತು, ನಲವತ್ತು ಐವತ್ತರ ವಯಸ್ಸಿನವರಿಗೂ ಗೊತ್ತು. ವೇಗವಿದೆ, ಆದರೆ ಉಸಿರಿಗೆ ಜಾಗವೂ ಇದೆ. ‘ಐಡಲ್’ ಬೇಕಾದರೆ ಭಾವನ ತಂಗಿ ಹಾಡಲಿ, ಇವನು ಎರಡನೆಯ ಮೈಕ್ ಹಿಡಿಯಲಿ.

ತಮ್ಮ: ಆಗಲಿ. ನಾಲ್ಕನೆಯ ಸಾಲಿನಿಂದ ‘ಐಡಲ್’ ತೆಗೆದು ಕೆಳಗೆ ಹಾಕುತ್ತೇನೆ.

ಅಮ್ಮ: ‘ಉಎ ಒ ಮುಇತೆ’ ಈಗ ಎರಡು ಸಲ ಕೇಳಿದೆ. ರಾಗ ಹತ್ತುತ್ತದೆ, ಆದರೆ ಅವರ ಶ್ರುತಿ ನನಗೆ ಹೊಂದುವುದಿಲ್ಲ.

ಅಕ್ಕ: ಅದಕ್ಕೆ ಚಿಂತೆಯಿಲ್ಲ, ಅಮ್ಮ. ಕೋಣೆಯಲ್ಲಿ ಹಾಡು ಆರಿಸಲು ಡೆನ್‌ಮೊಕು ಎಂಬ ಟ್ಯಾಬ್ಲೆಟ್ ಕೊಡುತ್ತಾರೆ, ಅದರಲ್ಲಿ ಶ್ರುತಿಯನ್ನು ಅರ್ಧ ಅರ್ಧ ಸ್ವರದಷ್ಟು ಏರಿಸಬಹುದು, ಇಳಿಸಬಹುದು. ನೀನು ಮನೆಯಲ್ಲಿ ನಿನಗೆ ಹಿತವಾದ ಶ್ರುತಿಯಲ್ಲಿ ಹಾಡಿ ಧ್ವನಿಮುದ್ರಿಸಿ ಕಳುಹಿಸು, ಎಷ್ಟು ಅರ್ಧ ಸ್ವರ ಸರಿಸಬೇಕೆಂದು ನಾನು ಲೆಕ್ಕ ಹಾಕಿ ಶೀಟಿನಲ್ಲಿ ಬರೆದಿಡುತ್ತೇನೆ. ಇನ್ನೊಂದು ವಿಷಯ. ನೀನು ಮೂರು ವಾರ ಅತ್ತೆಯ ಹಾಡನ್ನು ಕಲಿತದ್ದನ್ನು ಈಗಷ್ಟೇ ಅವರಿಗೆ ಹೇಳಿದೆ. ಒಂದು ಚರಣ ನೀವಿಬ್ಬರೂ ಸೇರಿ ಹಾಡಬಹುದೇ ಎಂದು ಅವರೇ ಕೇಳುತ್ತಿದ್ದಾರೆ.

ಅಮ್ಮ: ಯಾವ ಚರಣ ಎಂದು ಕೇಳಿ ಹೇಳು. ಎರಡನೆಯದಾದರೆ ನನಗೆ ಇನ್ನೂ ಒಂದು ವಾರ ಬೇಕು.